ಮೊದಲು ಚೆಂಡು ನಿಲ್ಲಿಸು ಮಗ

ಬಾ ಮಗ, ಕೂತ್ಕೊ. ಬೂಟು ಆಚೆ ಬಿಡು, ನಿಮ್ಮಜ್ಜಿ ಈಗ ತಾನೆ ಜಗಲಿ ಒರೆಸಿದ್ದಾಳೆ. ಮೊಬೈಲನ್ನೂ ಬೂಟಿನ ಪಕ್ಕದಲ್ಲೇ ಇಡು, ಎರಡೂ ಜೊತೆಗಿರಲಿ.

ನಿನ್ನೆ ನಿನ್ನ ಆಟ ನೋಡಿದೆ. ಎಡಗಾಲು ಚೆನ್ನಾಗಿದೆ. ಓಟ ಚೆನ್ನಾಗಿದೆ. ಕೂದಲೂ ಚೆನ್ನಾಗಿದೆ, ಕಟಿಂಗ್ ಅಂಗಡಿಯವನಿಗೆ ಎಷ್ಟು ಕೊಟ್ಟೆ ಅಂತ ಕೇಳಲ್ಲ. ಚೆಂಡು ನಿನ್ನ ಹತ್ತಿರ 14 ಸಲ ಬಂತು. ಮುದುಕನಿಗೆ ಬೇರೆ ಕೆಲಸ ಏನಿದೆ, ಎಣಿಸಿದೆ. ಅದರಲ್ಲಿ 11 ಸಲ ಬಂದ ಕೂಡಲೇ ಒದ್ದೆ. ಎಲ್ಲಿಗೆ ಹೋಗ್ತಿದೆ ಅಂತ ನಿನಗೂ ಗೊತ್ತಿರಲಿಲ್ಲ, ಚೆಂಡಿಗೂ ಗೊತ್ತಿರಲಿಲ್ಲ. ಕೊನೆಗೆ ಕೋಚು ನಿನ್ನನ್ನು ಆಚೆ ಕರೆದು ಇನ್ನೊಬ್ಬ ಹುಡುಗನನ್ನು ಇಳಿಸಿದರೆ, ಜೆರ್ಸಿ ಕಿತ್ತು ನೆಲಕ್ಕೆ ಎಸೆದೆ. ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಏನೇನೋ ಬರೆದೆಯಂತೆ. ಬೆಳಿಗ್ಗೆ ಎದ್ದವನು "ಕಾಲೇಜೂ ಬೇಡ, ಈ ಟೀಮೂ ಬೇಡ, ಬೆಂಗಳೂರಿಗೆ ಹೋಗ್ತೀನಿ" ಅಂತ ನಿಮ್ಮಮ್ಮನ ಕಣ್ಣೆದುರೇ ಬ್ಯಾಗು ತುಂಬಿಸಿದ್ದೀಯ. ಚೆಂಡು ಬಂತು, ಒದ್ದೆ. ಬೈಗುಳ ಬಂತು, ಒದ್ದೆ. ಓದು ಎದುರಿಗಿತ್ತು, ಅದನ್ನೂ ಒದ್ದೆ.

ನಿನ್ನ ಮೇಲೆ ಕೋಪ ಇಲ್ಲ. ಡ್ರಿಲ್ ಮೇಷ್ಟ್ರಾಗಿ ಈ ನಾಲ್ಕು ತಾಲ್ಲೂಕಿನ ಹುಡುಗರನ್ನು ಮೂವತ್ತು ವರ್ಷದ ಮೇಲೆ ಬಿಸಿಲಲ್ಲಿ ಓಡಿಸಿದ್ದೀನಿ. ಶ್ರೀರಂಗಪಟ್ಟಣದ ಹುಡುಗ ಎರಡು ಹೊಳೆಯ ನಡುವೆ ಬೆಳೆದವನು, ಈಜೋಕೆ ಬಾ ಅಂದರೆ ಮೊದಲು, ಓಡು ಅಂದರೆ ಕೊನೆಗೆ. ನಾಗಮಂಗಲದವನು ಮಳೆ ನಂಬಿಕೊಂಡು ರಾಗಿ ಬೆಳೆದ ಮನೆಯವನು, ಒಂದು ಚೊಂಬು ನೀರು ಕುಡಿದು ತೊಂಬತ್ತು ನಿಮಿಷ ಆಡ್ತಾನೆ. ಆದರೆ ಪಾಸ್ ಕೊಡು ಅಂದರೆ ಮನೆ ಪತ್ರ ಕೇಳಿದ ಹಾಗೆ ನೋಡ್ತಾನೆ. ಕೆ.ಆರ್. ಪೇಟೆಯವನು ಬಾಯಲ್ಲೇ ಎರಡು ಗೋಲು ಹೊಡೆದು ಆಮೇಲೆ ಮೈದಾನಕ್ಕೆ ಇಳೀತಾನೆ. ನಮ್ಮ ಪಾಂಡವಪುರದವರ ವಿಷಯ ಹೇಳಲ್ಲ, ಊರಲ್ಲಿ ಇನ್ನೂ ಓಡಾಡಬೇಕು. ಒಂದು ಮಾತ್ರ ನಿಜ. ನಾಲ್ಕು ಕಡೆಯ ಹುಡುಗರಿಗೂ ಇರೋದು ಒಂದೇ ಕಾಯಿಲೆ, ನಿನಗಿರೋದೇ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಗಾದೆ ಹುಟ್ಟಿದ್ದು ಎಲ್ಲೋ ಫುಟ್‌ಬಾಲ್ ಮೈದಾನದ ಪಕ್ಕದಲ್ಲೇ ಇರಬೇಕು.

ನಿನಗೆ ಒಬ್ಬರ ಕಥೆ ಹೇಳ್ತೀನಿ. ಅಹಮದ್ ಖಾನ್ ಸಾಹೇಬರು. ಹೆಸರು ಕೇಳಿದ್ದೀಯಾ? ಇಲ್ಲ. ಗೊತ್ತಿತ್ತು. ಮೆಸ್ಸಿ ಊಟಕ್ಕೆ ಏನು ತಿಂತಾನೆ ಅಂತ ನಿನಗೆ ಗೊತ್ತು. 2017ರ ಆಗಸ್ಟ್‌ವರೆಗೂ ಬೆಂಗಳೂರಲ್ಲೇ ಬದುಕಿದ್ದ, ಎರಡು ಒಲಿಂಪಿಕ್ಸ್ ಆಡಿದ ಮನುಷ್ಯ ಯಾರು ಅಂತ ಗೊತ್ತಿಲ್ಲ.

1926ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು. ಅಪ್ಪನಿಗೂ ಆಟದ ಹುಚ್ಚು, ಅಣ್ಣತಮ್ಮಂದಿರಿಗೂ ಹುಚ್ಚು. ಆಗ ಬೆಂಗಳೂರಿನ ದಂಡು ಪ್ರದೇಶ ಅಂದರೆ ಫುಟ್‌ಬಾಲು. ಗೋರಾ ಸಿಪಾಯಿಗಳು ಆಡೋದನ್ನು ಬೇಲಿ ಆಚೆ ನಿಂತು ನೋಡಿ ಕಲಿತ ಹುಡುಗರು ಆಮೇಲೆ ಅವರನ್ನೇ ಸೋಲಿಸಿದರು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ರೆಜಿಮೆಂಟುಗಳೇ ತಮ್ಮ ತಮ್ಮಲ್ಲಿ ಹಂಚಿಕೊಳ್ತಿದ್ದ ಕಾಲದಲ್ಲಿ, 1937ರಲ್ಲಿ ಅದನ್ನು ಕಿತ್ತುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಖಾನ್ ಸಾಹೇಬರಿಗೆ ಆಗ ಹತ್ತು ವರ್ಷ. ಇವತ್ತಿಗೂ ಹಲಸೂರಿನ ಹತ್ತಿರ ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ, ನೋಡ್ಕೊಂಡು ಬಾ. ನಾವು ಊರಿಗೊಂದು ಮಾರಿಗುಡಿ ಕಟ್ಟಿದ ಹಾಗೆ ಅದು.

ಖಾನ್ ಸಾಹೇಬರು ಆಡ್ತಿದ್ದದ್ದು ಇನ್‌ಸೈಡ್ ಲೆಫ್ಟ್, ನೀನು ಆಡ್ತೀನಿ ಅಂತ ಹಟ ಹಿಡಿಯೋ ಜಾಗವೇ. ಬರಿಗಾಲು. ಆ ಕಾಲಿಗೆ ಚೆಂಡು ಬಂದರೆ ಅಲ್ಲೇ ನಿಲ್ತಿತ್ತು. ಮುಂದೆ ಇರೋ ಬ್ಯಾಕ್ ಆಟಗಾರ ಒಂದು ಹೆಜ್ಜೆ ತಪ್ಪಿ ಇಡೋವರೆಗೂ ಇವರು ಹೊರಡ್ತಿರಲಿಲ್ಲ. ಆ ತಪ್ಪು ಹೆಜ್ಜೆ ಬಿತ್ತೋ, ಆ ಸಂದಿಯಲ್ಲಿ ಜಾರಿ ಹೋಗ್ತಿದ್ದರು. ಪುಂಗಿ ಊದಿ ಹಾವು ಆಡಿಸೋ ಹಾಗೆ ಚೆಂಡನ್ನು ಆಡಿಸ್ತಾರೆ ಅಂತ "ಹಾವಾಡಿಗ" ಅನ್ನೋ ಹೆಸರೇ ಬಿತ್ತು.

ನಾನು ಅವರ ಆಟ ಕಣ್ಣಾರೆ ನೋಡಿದವನಲ್ಲ. ನೋಡಿದ್ದು ನಮ್ಮ ಮೇಷ್ಟ್ರು. ಬೆಂಗಳೂರಲ್ಲಿ ಓದುವಾಗ ನೋಡಿ ಬಂದು, ಇಲ್ಲಿ ನಮಗೆ ರಾಗಿ ಕಣದಲ್ಲಿ ಅದನ್ನು ತೋರಿಸ್ತಿದ್ದರು. ಸುಗ್ಗಿ ಮುಗಿದ ಮೇಲೆ ಕಣ ಸಗಣಿ ಸಾರಿಸಿ ಗಟ್ಟಿಯಾಗಿ, ಕೇರಂ ಬೋರ್ಡಿನ ಹಾಗಿರುತ್ತಲ್ಲ, ಅಲ್ಲಿ. ಪಂಚೆ ಮೇಲೆ ಕಟ್ಟಿ, ಹಳೆ ಬಟ್ಟೆ ಉಂಡೆ ಕಟ್ಟಿದ ಚೆಂಡು ಹಿಡಿದು "ಎಸೀರೋ" ಅಂತಿದ್ದರು. ನಾವು ಜೋರಾಗಿ ಎಸೀತಿದ್ದೆವು. ಚೆಂಡು ಪಾದಕ್ಕೆ ತಾಕೋ ಕ್ಷಣಕ್ಕೆ ಸರಿಯಾಗಿ ಅವರು ಕಾಲನ್ನು ಒಂದು ಗೇಣು ಹಿಂದಕ್ಕೆ ಎಳಕೊಳ್ತಿದ್ದರು. ಅಷ್ಟೇ. ಚೆಂಡಿನ ಜೋರೆಲ್ಲ ಇಳಿದು, ಅದು ನಾಯಿಮರಿ ಹಾಗೆ ಹೆಬ್ಬೆಟ್ಟಿನ ಪಕ್ಕ ಮಲಗ್ತಿತ್ತು. "ಪಕ್ಕದ ಮನೆಯವಳು ಮಗು ಕೊಟ್ಟರೆ ಹೆಂಗೆ ಇಸ್ಕೊಳ್ತೀರಿ? ಕೈ ಮುಂದಕ್ಕೆ ಚಾಚಿ, ಹಂಗೇ ಎದೆ ಕಡೆಗೆ ಎಳ್ಕೊಳ್ತೀರಿ ತಾನೆ? ಇದೂ ಅಂಗೇ ಕಣ್ರಲಾ" ಅನ್ನೋರು. ಕಾಲು ಬಿಗಿ ಮಾಡಿ ನಿಂತರೆ ಚೆಂಡು ಗೋಡೆಗೆ ಬಡಿದ ಹಾಗೆ ಎಗರಿ ಹೋಗುತ್ತೆ. ನಿನ್ನೆ ನಿನ್ನ ಕಾಲಿಗೆ ಬಡಿದು ಹೋಯ್ತಲ್ಲ, ಹಾಗೆ.

ಇಷ್ಟೆಲ್ಲ ಕಲಿತ ನಾನು ಏನು ಮಾಡಿದೆ ಗೊತ್ತಾ? ಕೇಳಿ ನಗು, ಪರವಾಗಿಲ್ಲ.

1957. ನನಗೆ ಹದಿನೈದು. ನಮ್ಮ ಬೀದಿ ಹುಡುಗರಿಗೆಲ್ಲ ಸೇರಿ ಇದ್ದದ್ದು ಒಂದೇ ಚರ್ಮದ ಚೆಂಡು. ಮನೆಮನೆಗೆ ಹೋಗಿ ನಾಲ್ಕಾಣೆ, ಎಂಟಾಣೆ ಚಂದಾ ಎತ್ತಿ ಮೈಸೂರಿಂದ ತರಿಸಿದ್ದು. ಒಳಗೆ ರಬ್ಬರ್ ಬ್ಲ್ಯಾಡರು, ಬಾಯಿಗೆ ದಾರದ ಹೆಣಿಗೆ. ಆ ಹೆಣಿಗೆ ಮೇಲೆ ಬರೋ ಹಾಗೆ ತಲೆ ಕೊಟ್ಟರೆ ಹಣೆ ಮೇಲೆ ಎರಡು ದಿನ ಗುರುತು. ಬ್ಲ್ಯಾಡರು ತೂತಾದರೆ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸೋದು, ಹೊಲಿಗೆ ಬಿಟ್ಟರೆ ಮೋಚಿಯ ಹತ್ತಿರ ಕೂರೋದು, ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚೋದು. ಎಮ್ಮೆಗೂ ಅಷ್ಟು ಆರೈಕೆ ಮಾಡ್ತಿರಲಿಲ್ಲ. ಕೆ.ಆರ್. ಪೇಟೆ ಹುಡುಗರು ಲಾರಿ ಹತ್ತಿ ಆಡೋಕೆ ಬಂದಿದ್ದರು. ಮೈದಾನ ಅಂದರೆ ವಿಶ್ವೇಶ್ವರಯ್ಯ ನಾಲೆ ಪಕ್ಕದ ಬಯಲು. ಒಂದು ಒಂದು ಸಮ. ಆಟ ಮುಗಿಯೋಕೆ ಇನ್ನೇನು ಐದು ನಿಮಿಷ. ನನಗೆ ಪಾಸ್ ಬಂತು. ಮುಂದೆ ಗೋಲಿ ಒಬ್ಬನೇ, ಅವನೂ ಎಡಗಡೆಗೆ ವಾಲಿದ್ದ. ನಿಲ್ಲಿಸಿ, ನೋಡಿ, ಬಲಗಡೆ ತಳ್ಳಿದ್ದರೆ ಸಾಕಿತ್ತು, ನಮ್ಮಜ್ಜಿಯೂ ಹೊಡೆಯಬಹುದಾಗಿದ್ದ ಗೋಲು. ಬದಿಯಲ್ಲಿ ಮೇಷ್ಟ್ರು "ನಿಲ್ಸೋ, ನಿಲ್ಸೋ" ಅಂತಿದ್ದಾರೆ. ನನ್ನ ಕಿವಿಗೆ ಕೇಳಿದ್ದು ಮಾತ್ರ ಅರಳಿಕಟ್ಟೆ ಮೇಲೆ ಕೂತವರ ಕೂಗು. ಕಣ್ಣು ಮುಚ್ಚಿ ಒದ್ದೆ.

ಚೆಂಡು ಗೋಲಿಯ ತಲೆ ಮೇಲೆ, ಬೇಲಿ ಮೇಲೆ, ಏರಿ ಮೇಲೆ ಹಾರಿ ನಾಲೆಗೆ ಬಿತ್ತು. ನಾಲೆ ಆವತ್ತು ತುಂಬಿತ್ತು. ನಾವು ಹದಿನಾರು ಜನ ಏರಿ ಮೇಲೆ ಓಡಿದೆವು, ಎರಡು ಟೀಮಿನವರೂ ಸೇರಿ. ಚೆಂಡು ಆರಾಮಾಗಿ ತಿರುಗಿಕೊಂಡು, ಮಂಡ್ಯದ ಕಡೆಗೆ ಹೋಯ್ತು. ಇನ್ನೊಂದು ಚೆಂಡಿಲ್ಲ, ಪಂದ್ಯ ಅಲ್ಲಿಗೆ ಮುಗೀತು. ಕೆ.ಆರ್. ಪೇಟೆಯವರು ವಾಪಸ್ ಹೋಗುವಾಗ ಲಾರಿ ಮೇಲಿಂದ ಒಬ್ಬ ಕೂಗಿ ಹೇಳಿದ: "ಮದ್ದೂರಲ್ಲಿ ಗೋಲಾಯ್ತಂತೆ ಕಣ್ಲಾ." ಆ ಮಾತು ನನ್ನ ಮದುವೆ ದಿನ ಚಪ್ಪರದಲ್ಲೂ ಕೇಳಿಸ್ತು. ನಿಮ್ಮಜ್ಜಿ ಇವತ್ತಿಗೂ ನಾನು ಏನಾದರೂ ಆತುರ ಮಾಡಿದರೆ "ಮದ್ದೂರಿಗೆ ಹೋಯ್ತು" ಅಂತಾಳೆ.

ಹೂಂ, ಖಾನ್ ಸಾಹೇಬರ ಕಥೆಗೆ ಬರ್ತೀನಿ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಎದುರಾಳಿ ಫ್ರಾನ್ಸ್. ಈಗ ನೋಡು, ನಮ್ಮೂರಿನ ಹೆಸರು ಆಗ ಎಲ್ಲರ ಬಾಯಲ್ಲಿ ಫ್ರೆಂಚ್ ರಾಕ್ಸ್. ಹಿರೋಡೆ ಅನ್ನೋ ಊರು. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡು ಬಿಟ್ಟಿದ್ದರು ಅಂತ ಆ ಹೆಸರು ಬಂದದ್ದು. ಆಮೇಲೆ ತಾನೆ ಪಾಂಡವಪುರ ಆಗಿದ್ದು, ವನವಾಸದಲ್ಲಿ ಪಾಂಡವರು ಕುಂತಿ ಬೆಟ್ಟದಲ್ಲಿ ಇದ್ದರು ಅನ್ನೋ ಪ್ರತೀತಿಯ ಮೇಲೆ. ನನ್ನ ಅಜ್ಜಿ ಸಾಯೋ ತನಕ "ಪ್ರೆಂಚ್ ರಾಕ್ಸು" ಅಂತಲೇ ಅಂತಿದ್ದಳು. ಅಂಥ ಫ್ರೆಂಚರ ಮೇಲೆ ನಮ್ಮ ಮೈಸೂರು ಸೀಮೆ ಹುಡುಗರು ಬರಿಗಾಲಲ್ಲಿ! ಮೊದಲು ಅವರದೊಂದು ಗೋಲು. ಎಪ್ಪತ್ತನೇ ನಿಮಿಷಕ್ಕೆ ಸಾರಂಗಪಾಣಿ ರಾಮನ್ ಸಮ ಮಾಡಿದರು. ಅದೇ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು, ಹೊಡೆದವರು ಬೆಂಗಳೂರಿನವರು. ಕೊನೆಗೆ 89ನೇ ನಿಮಿಷದಲ್ಲಿ ಫ್ರೆಂಚರು ಇನ್ನೊಂದು ಹೊಡೆದು 2–1ರಲ್ಲಿ ಗೆದ್ದರು.

ಸೋತದ್ದು ಹೇಗೆ ಅಂತ ಕೇಳು. ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡು! ಒಂದನ್ನು ಶೈಲೇನ್ ಮನ್ನಾ ತಪ್ಪಿದರು, ಇನ್ನೊಂದನ್ನು ಮಹಾವೀರ್ ಪ್ರಸಾದ್. ಮನ್ನಾ ಅಂದರೆ ಸಾಮಾನ್ಯರಲ್ಲ, ಮೂರು ವರ್ಷದ ಮೇಲೆ, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ಭಾರತ ತಂಡದ ನಾಯಕರು. ಖಾನ್ ಸಾಹೇಬರೂ ಆ ತಂಡದಲ್ಲಿದ್ದರು. ಪೆನಾಲ್ಟಿ ತಪ್ಪಿದ ಮನುಷ್ಯ ಜೆರ್ಸಿ ಕಿತ್ತು ನೆಲಕ್ಕೆ ಎಸೆದು ಮನೆಗೆ ಹೋಗಿದ್ದರೆ ಆ ಚಿನ್ನ ಎಲ್ಲಿರುತ್ತಿತ್ತೋ. ನಿನ್ನ ಜೆರ್ಸಿ ವಿಷಯ ಮತ್ತೆ ಎತ್ತಬಾರದು ಅಂದುಕೊಂಡಿದ್ದೆ, ಎತ್ತಿಬಿಟ್ಟೆ. ವಯಸ್ಸಾಯ್ತು.

1949ರಲ್ಲಿ ಖಾನ್ ಸಾಹೇಬರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ನೀನು ಬೆಂಗಳೂರಿಗೆ ಬ್ಯಾಗು ಕಟ್ಟಿದ ಹಾಗಲ್ಲ, ಕ್ಲಬ್ಬಿನವರೇ ಕರೆದು ಕರೆಸಿಕೊಂಡದ್ದು. ಅಲ್ಲಿ ಭಾಷೆ ಬೇರೆ, ಊಟ ಬೇರೆ, ಮಳೆಗಾಲದ ಕೆಸರು ಬೇರೆ. ಮುಂದಿನ ಸಾಲಿನಲ್ಲಿ ಐದು ಜನ. ಬಲ ಅಂಚಿನಲ್ಲಿ ವೆಂಕಟೇಶ್, ಅವರ ಪಕ್ಕ ಅಪ್ಪಾರಾವ್, ನಡುವೆ ಧನರಾಜ್, ಆಮೇಲೆ ನಮ್ಮ ಅಹಮದ್ ಖಾನ್, ಎಡ ಅಂಚಿಗೆ ಸಾಲೆ. ಐದೂ ಜನ ದಕ್ಷಿಣದವರು. ಬಂಗಾಳಿಗಳು ಅವರಿಗೆ ಇಟ್ಟ ಹೆಸರು ಏನು ಗೊತ್ತಾ? ಪಂಚ ಪಾಂಡವರು. ನೋಡಪ್ಪ, ಪಾಂಡವರು ನಮ್ಮ ಬೆಟ್ಟದಲ್ಲಿ ಇದ್ದರೋ ಇಲ್ಲವೋ, ಪುರಾಣದ ಮಾತು. ಹೂಗ್ಲಿ ದಂಡೆಯಲ್ಲಿ ಇದ್ದದ್ದಂತೂ ನಿಜ. 1949, 50, 51, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿಗೇ ಬಂತು. ದೆಹಲಿಯ ಡ್ಯುರಾಂಡ್ ಕಪ್ 1951, 52ರಲ್ಲಿ. ದೇಶ ಒಡೆದು ಊರು ಮನೆ ಕಳಕೊಂಡು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆ ಕ್ಲಬ್ಬೇ ಊರು. ಅವರ ಊರನ್ನು ಕಾಯ್ದವರು ಐದು ಜನ ಮದರಾಸಿಗಳು. ಅವರಿಗೆ ನಾವೆಲ್ಲ ಮದರಾಸಿಗಳೇ.

ಆ ಐವರಲ್ಲಿ ಇವರ ಕೆಲಸ ಏನು? ಬಂದ ಚೆಂಡನ್ನು ಹಿಡಿದಿಟ್ಟು, ಇಬ್ಬರು ಮೂವರು ಎದುರಾಳಿಗಳನ್ನು ತನ್ನ ಕಡೆಗೇ ಎಳಕೊಂಡು, ಉಳಿದ ನಾಲ್ವರಿಗೆ ಜಾಗ ಮಾಡಿಕೊಡೋದು. ಹಾವಾಡಿಗ ನಿಂತಲ್ಲಿ ಜನ ಸೇರ್ತಾರೆ, ಆ ಹೊತ್ತಿಗೆ ಬೀದಿಯ ಆ ತುದಿ ಖಾಲಿ ಆಗಿರುತ್ತೆ. ಲೆಕ್ಕ ಅಷ್ಟೇ. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತೆ, ಜಾಗ ಮಾಡಿಕೊಟ್ಟವನ ಹೆಸರು ಜೊತೆಗಾರರ ಬಾಯಲ್ಲಿ ಬರುತ್ತೆ. ನಿನಗೆ ಯಾವುದು ಬೇಕು ಅಂತ ನಾನು ಕೇಳಲ್ಲ, ಹದಿನೆಂಟಕ್ಕೆ ಯಾರಿಗಾದರೂ ಪೇಪರೇ ಬೇಕು. ನಿನ್ನೆ ಬಲಗಡೆ ಆ ನಾಗಮಂಗಲದ ಹುಡುಗ ಒಬ್ಬನೇ ಕೈ ಎತ್ತಿಕೊಂಡು ನಿಂತಿದ್ದ, ಬಸ್ಸಿಗೆ ಕಾಯೋ ಹಾಗೆ. ನಾಲ್ಕು ಸಲ. ನೀನು ಅವನನ್ನು ನೋಡಲೇ ಇಲ್ಲ. ನೋಡಬೇಕಾದರೆ ತಲೆ ಎತ್ತಬೇಕು, ತಲೆ ಎತ್ತಬೇಕಾದರೆ ಚೆಂಡು ಕಾಲಲ್ಲಿ ನಿಂತಿರಬೇಕು.

ಈಗ ಹೆಲ್ಸಿಂಕಿ. 1952ರ ಜುಲೈ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತೆ. ಉತ್ತರದ ಚಳಿ ದೇಶ, ನಮ್ಮವರಲ್ಲಿ ಬಹಳ ಜನ ಮತ್ತೆ ಬರಿಗಾಲು, ಎದುರಿಗೆ ಯುಗೊಸ್ಲಾವಿಯ. ಅವರ ಜೆಬೆಟ್ಸ್ ಅನ್ನೋನು ಒಬ್ಬನೇ ನಾಲ್ಕು ಹೊಡೆದ. ಹತ್ತು ಗೋಲು ಹಾಕಿಸಿಕೊಂಡೆವು. ಹತ್ತು! 87ನೇ ನಿಮಿಷಕ್ಕೆ ಹತ್ತನೆಯದು. ಆ ಹೊತ್ತಿಗೆ ಯಾರಾದರೂ ಏನು ಮಾಡ್ತಾರೆ? ಕೈ ಸೊಂಟಕ್ಕೆ ಇಟ್ಟು ರೆಫರಿಯ ವಾಚು ನೋಡ್ತಾರೆ. 89ನೇ ನಿಮಿಷದಲ್ಲಿ ಅಹಮದ್ ಖಾನ್ ಒಂದು ಗೋಲು ಹೊಡೆದರು. 10–1.

ಆ ಒಂದು ಗೋಲಿನಿಂದ ಏನಾಯ್ತು ಅಂತ ನೀನು ಕೇಳಬಹುದು. ಏನೂ ಆಗಲಿಲ್ಲ. ಸೋಲು ಸೋಲೇ. ಆದರೂ ಹತ್ತು ತಿಂದ ಮೇಲೆ, ಚಳಿಯಲ್ಲಿ ಬೆರಳು ಮರಗಟ್ಟಿರುವಾಗ, ಒಂದು ಚೆಂಡು ಬಂದರೆ ಅದನ್ನು ಮೊದಲ ನಿಮಿಷದ ಚೆಂಡಿನ ಹಾಗೇ ಆಡೋ ಮನಸ್ಸು ಇದೆಯಲ್ಲ, ಮೂವತ್ತು ವರ್ಷದ ನೌಕರಿಯಲ್ಲಿ ಅಂಥ ಹುಡುಗ ನನ್ನ ಕೈಗೆ ಇಬ್ಬರೇ ಸಿಕ್ಕಿದ್ದು. ಒಬ್ಬ ಈಗ ಹಾಲಿನ ಡೇರಿ ಕಾರ್ಯದರ್ಶಿ, ಇನ್ನೊಬ್ಬ ಲಾರಿ ಇಟ್ಟುಕೊಂಡಿದ್ದಾನೆ. ಇಬ್ಬರೂ ಒಂದು ಪೈಸೆ ಸಾಲ ಇಲ್ಲದೆ ಬದುಕ್ತಿದ್ದಾರೆ.

ಹೆಲ್ಸಿಂಕಿ ಆದ ಮೇಲೆ ಬೂಟು ಕಡ್ಡಾಯ ಅಂತಾಯ್ತು. ನಿನ್ನಂಥವನಾಗಿದ್ದರೆ "ನನ್ನ ಕಲೆಯೇ ಬರಿಗಾಲಲ್ಲಿದೆ, ಬೂಟು ಹಾಕಲ್ಲ" ಅಂತ ಸ್ಟೇಟಸ್ ಹಾಕಿ ಮನೆಯಲ್ಲಿ ಕೂರ್ತಿದ್ದ. ಬೆರಳಿನ ತುದಿಯಲ್ಲಿ ಚೆಂಡಿನ ನಾಡಿ ಹಿಡೀತಿದ್ದ ಮನುಷ್ಯನಿಗೆ ಗಟ್ಟಿ ಚರ್ಮದ ಬೂಟು ಅಂದರೆ, ವೀಣೆ ನುಡಿಸೋನಿಗೆ ಕೈಗವಸು ಹಾಕಿಸಿದ ಹಾಗೆ. ಖಾನ್ ಸಾಹೇಬರು ಹಾಕಿಕೊಂಡರು, ಆಡಿದರು. 1954ರಲ್ಲಿ ಕ್ಲಬ್ಬಿನ ನಾಯಕರಾದರು. 1959ರವರೆಗೂ ಅದೇ ಕ್ಲಬ್ಬು. ಹತ್ತು ವರ್ಷ ಒಂದೇ ಅಂಗಿ! ನೀನು ಹತ್ತು ತಿಂಗಳಲ್ಲಿ ಮೂರು ಟೀಮು ಬದಲಾಯಿಸಿದ್ದೀಯ.

ಬೆಂಚಿನ ಮೇಲೆ ಕೂರಿಸಿದರು ಅಂತ ಅಳ್ತೀಯಲ್ಲ, ಇದನ್ನೂ ಕೇಳು. ಸಂತೋಷ್ ಟ್ರೋಫಿಯನ್ನು ನಮ್ಮ ಮೈಸೂರು ತಂಡ 1946–47ರಲ್ಲಿ ಗೆದ್ದಿತು, 52–53ರಲ್ಲಿ ಗೆದ್ದಿತು, 67–68, 68–69 ಎರಡು ವರ್ಷ ಬೆನ್ನಿಗೆ ಬೆನ್ನು ಗೆದ್ದಿತು. ಆಮೇಲೆ? 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿದಾಗ ಮತ್ತೆ ಬಂತು. 54 ವರ್ಷ ಇಡೀ ರಾಜ್ಯವೇ ಬೆಂಚಿನ ಮೇಲೆ ಕೂತಿತ್ತು ಮಗ. ನಿನ್ನನ್ನು ಕೂರಿಸಿದ್ದು ಇಪ್ಪತ್ತು ನಿಮಿಷ.

ಆಟವೇ ಕೈ ತಪ್ಪಿದವನೊಬ್ಬನ ಕಥೆಯನ್ನೂ ಕೇಳು. ನಿಮ್ಮ ಅತ್ತೆ ಮೆಲ್ಬರ್ನಿಂದ ವಿಡಿಯೋ ಕಳಿಸ್ತಾಳಲ್ಲ, ಮೊಟ್ಟೆ ಆಕಾರದ ಚೆಂಡಿನ ಆಟ, ಒಂದೊಂದು ಕಡೆ 18 ಜನ, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಚೆಂಡು ಹಿಡಿಯೋದು. ಮೊದಲ ಸಲ ನೋಡಿದಾಗ ನಮ್ಮೂರ ಜಾತ್ರೆಯಲ್ಲಿ ಪ್ರಸಾದ ಹಂಚುವಾಗಿನ ನೂಕುನುಗ್ಗಲು ಅಂದುಕೊಂಡೆ. ಆ ಊರಿಗೆ ನಮ್ಮವರು 1956ರ ಒಲಿಂಪಿಕ್ಸ್‌ಗೆ ಹೋಗಿದ್ದರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ಕೆಂಪಯ್ಯ! ನಮ್ಮ ಸೀಮೆಯಲ್ಲಿ ಹೆಜ್ಜೆಗೊಬ್ಬ ಕೆಂಪಯ್ಯ ಇದ್ದಾನೆ, ಒಬ್ಬ ಒಲಿಂಪಿಕ್ಸ್‌ಗೂ ಹೋಗಿದ್ದ ಅಂತ ಹೇಳಿದರೆ ನಮ್ಮ ಕಟ್ಟೆಯವರು ನಂಬಲ್ಲ. ಅಲ್ಲಿ ನಮ್ಮವರು ಆತಿಥೇಯ ಆಸ್ಟ್ರೇಲಿಯವನ್ನೇ 4–2ರಲ್ಲಿ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂದರು. ಅದೇ ಕೂಟದಲ್ಲಿ ಆ ಮೊಟ್ಟೆ ಚೆಂಡಿನ ಆಟವನ್ನೂ ಪ್ರದರ್ಶನಕ್ಕೆ ಇಟ್ಟಿದ್ದರಂತೆ.

ಆ ಆಟದಲ್ಲಿ ಜಾನ್ ಕೋಲ್ಮನ್ ಅಂತ ಒಬ್ಬನಿದ್ದ. ಖಾನ್ ಸಾಹೇಬರು ಕಲ್ಕತ್ತಕ್ಕೆ ಹೋದ 1949ರಲ್ಲೇ ಎಸೆಂಡನ್ ಕ್ಲಬ್ಬಿಗೆ ಇಳಿದವನು. ಮೊದಲ ಪಂದ್ಯದಲ್ಲೇ 12 ಗೋಲು. ಎಗರಿದರೆ ಆಕಾಶಕ್ಕೆ. 98 ಪಂದ್ಯಕ್ಕೆ 537 ಗೋಲು. 1954ರಲ್ಲಿ, ಇಪ್ಪತ್ತೈದನೇ ವಯಸ್ಸಿಗೆ, ಒಂದು ಪಂದ್ಯದಲ್ಲಿ ಮಂಡಿ ಕೀಲು ತಪ್ಪಿತು. ಮತ್ತೆ ಆಡಲೇ ಇಲ್ಲ. ಇಪ್ಪತ್ತೈದಕ್ಕೆ, ಮಗ. ನಿನಗಿಂತ ಏಳು ವರ್ಷ ದೊಡ್ಡವನು, ಅಷ್ಟೆ. ಅವನು ಅದನ್ನೂ ನಿಲ್ಲಿಸಿಕೊಂಡ. ಹೋಟೆಲು ನಡೆಸಿದ. ಆಮೇಲೆ ಅದೇ ಕ್ಲಬ್ಬಿಗೆ ಕೋಚಾಗಿ ಬಂದು 1962, 65ರಲ್ಲಿ ಎರಡು ಸಲ ಗೆಲ್ಲಿಸಿದ. ನೀನು ಕಾಲೇಜು ಬಿಡ್ತೀನಿ ಅಂದೆಯಲ್ಲ, ನನಗೆ ಭಯ ಆಗೋದು ನಿನ್ನ ಆಟದ ಬಗ್ಗೆ ಅಲ್ಲ, ಆ ಮಂಡಿ ಚಿಪ್ಪಿನ ಬಗ್ಗೆ. ಅದಕ್ಕೆ ನಿನ್ನ ಹೆಸರು, ನಿನ್ನ ಫಾಲೋವರ್ಸು ಏನೂ ಗೊತ್ತಿಲ್ಲ.

ನನ್ನದೂ ಒಂದು ಹೇಳಿಬಿಡ್ತೀನಿ, ನಿಮ್ಮಜ್ಜಿ ಹಿತ್ತಲಲ್ಲಿದ್ದಾಳೆ. 1971ರಲ್ಲಿ ನಾನಿದ್ದ ಶಾಲೆಯಲ್ಲಿ, ಯಾವ ಊರಿನ ಶಾಲೆ ಅಂತ ಹೇಳಲ್ಲ, ಎರಡು ಹಾಕಿ ಸ್ಟಿಕ್ಕು ಕಾಣೆಯಾದವು. ಹೆಡ್‌ಮಾಸ್ಟರು ಸ್ಟಾಕ್ ಬುಕ್ ಹಿಡ್ಕೊಂಡು ಎಲ್ಲರ ಮುಂದೆ "ಏನ್ ಮೇಷ್ಟ್ರೇ, ಮನೆಗೇನಾದರೂ ಹೋದವಾ?" ಅಂದರು. ಅಷ್ಟೇ ಮಾತು. ಅಲ್ಲೇ ಬೆಂಚಿನ ಮೇಲೆ ಕೂತು ರಾಜೀನಾಮೆ ಬರೆದೆ. ಬರೆಯೋಕೆ ಎರಡು ನಿಮಿಷ ಹಿಡೀತು, ಅಕ್ಷರ ಕೂಡ ಮುತ್ತಿನ ಹಾಗೆ ಬಂದಿತ್ತು. ಮೂರನೇ ದಿನಕ್ಕೆ ಸ್ಟಿಕ್ಕು ಸಿಕ್ಕಿದವು, ಜವಾನ ಅದರಲ್ಲಿ ಹುಣಸೆಹಣ್ಣು ಬಡಿಯೋಕೆ ತಗೊಂಡು ಹೋಗಿದ್ದ. ಸ್ಟಿಕ್ಕು ವಾಪಸ್ ಬಂದವು, ರಾಜೀನಾಮೆ ಬರಲಿಲ್ಲ. ಹನ್ನೊಂದು ತಿಂಗಳು ಎಮ್ಮೆ ಮೇಯಿಸಿದೆ. ನಿಮ್ಮಜ್ಜಿಯ ಓಲೆ ಹನ್ನೊಂದು ತಿಂಗಳು ಗಿರವಿ ಅಂಗಡಿಯಲ್ಲಿ ಕೂತಿತ್ತು. ಅವಳು ಒಂದು ಮಾತೂ ಆಡಲಿಲ್ಲ. ಒಂದು ದಿನ ಮಾತ್ರ ನೀರು ಕೊಡುವಾಗ ಕೇಳಿದಳು: "ಆವತ್ತು ಒಂದು ಲೋಟ ಕಾಫಿ ಕುಡಿದು ಬರೆದಿದ್ದರೆ ಆಗ್ತಿರಲಿಲ್ವಾ?"

ಆವತ್ತಿಂದ ನನ್ನ ಪದ್ಧತಿ ಅದು, ಕಾಫಿ. ಯಾರ ಮೇಲಾದರೂ ಉರಿದರೆ, ಒಲೆ ಮೇಲೆ ಪಾತ್ರೆ ಇಡ್ತೀನಿ. ನೀರು ಕುದಿಯೋಕೆ ಬೇಕಾದ ಹೊತ್ತು, ಡಿಕಾಕ್ಷನ್ ಇಳಿಯೋ ಹೊತ್ತು, ಹಾಲು ಉಕ್ಕದ ಹಾಗೆ ನೋಡ್ಕೊಳ್ಳೋ ಹೊತ್ತು. ಅಷ್ಟರಲ್ಲಿ ಕಾಲು ಒಂದು ಗೇಣು ಹಿಂದಕ್ಕೆ ಬಂದಿರುತ್ತೆ. ನಮ್ಮ ಮೇಷ್ಟ್ರು ಕಣದಲ್ಲಿ ತೋರಿಸಿದ್ದು ಇದನ್ನೇ ಅಂತ ನನಗೆ ಗೊತ್ತಾಗೋಕೆ ಹದಿನಾಲ್ಕು ವರ್ಷ ಬೇಕಾಯ್ತು. ಹಾಗಂತ ಸುಮ್ಮನಿರು, ಎಲ್ಲ ಸಹಿಸಿಕೋ ಅಂತ ಹೇಳ್ತಿಲ್ಲ. ಹೆಡ್‌ಮಾಸ್ಟರು ಆಡಿದ್ದು ತಪ್ಪೇ. ಕಾಫಿ ಕುಡಿದ ಮೇಲೂ ನಾನು ಹೋಗಿ ಕೇಳಬೇಕಾಗಿತ್ತು, ಎಲ್ಲರ ಮುಂದೆಯೇ ಕೇಳಬೇಕಾಗಿತ್ತು. ಚೆಂಡು ನಿಲ್ಲಿಸೋದು ಆಮೇಲೆ ಸರಿಯಾಗಿ ಒದೆಯೋಕೆ. ಕಾಲ ಕೆಳಗೆ ಇಟ್ಟುಕೊಂಡು ನಿದ್ದೆ ಮಾಡೋಕಲ್ಲ. ಅಂಥವರನ್ನೂ ನೋಡಿದ್ದೀನಿ, ನಲವತ್ತು ವರ್ಷ ಯೋಚನೆ ಮಾಡಿ ಮದುವೆಯೇ ಆಗದೆ ಉಳಿದವರು.

ಸರಿ, ಈಗ ಬ್ಯಾಗಿನ ವಿಷಯ. ಬೆಂಗಳೂರಿಗೆ ಹೋಗಬೇಡ ಅಂತ ಯಾರು ಹೇಳಿದರು? ಹೋಗು. ಪರೀಕ್ಷೆ ಮುಗಿಸಿ ಹೋಗು, ಇನ್ನು ಎರಡು ತಿಂಗಳು. ಅಕಾಡೆಮಿಯವರು ಫೋನಿನಲ್ಲಿ ಚೆನ್ನಾಗಿ ಮಾತಾಡಿದರು ಅಂತ ಹೊರಡಬೇಡ, ದುಡ್ಡು ಕೇಳೋರೆಲ್ಲ ಚೆನ್ನಾಗೇ ಮಾತಾಡ್ತಾರೆ. ಒಂದು ದಿನ ಬೆಳಿಗ್ಗೆ ಮುಂಚೆ ಹೋಗಿ, ಹೇಳದೆ ಕೇಳದೆ ಮೈದಾನದ ಹೊರಗೆ ನಿಂತು ನೋಡು. ಕೋಚು ಎಷ್ಟು ಹೊತ್ತಿಗೆ ಬರ್ತಾನೆ, ಬಂದು ಹುಡುಗರ ಕಾಲು ನೋಡ್ತಾನಾ, ಮೊಬೈಲು ನೋಡ್ತಾನಾ. ಪೆಟ್ಟಾದ ಹುಡುಗನನ್ನು ಯಾರು ಆಸ್ಪತ್ರೆಗೆ ಕರಕೊಂಡು ಹೋಗ್ತಾರೆ ಅಂತ ಅಲ್ಲಿನ ಹಳೇ ಹುಡುಗರನ್ನೇ ಕೇಳು. ಊಟ ಏನು ಅಂತ ಕೇಳು. ಫೀಸು ಎಷ್ಟು ಅಂತ ಕೊನೆಗೆ ಕೇಳು, ನಿಮ್ಮಪ್ಪನ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ ಅನ್ನೋದು ನೆನಪಿಟ್ಟುಕೊಂಡು ಕೇಳು.

ಇವತ್ತು ಸಂಜೆ ಕೋಚಿನ ಮನೆಗೆ ಹೋಗು. ಗ್ರೂಪಿನಲ್ಲಿ ಕ್ಷಮೆ ಬರೆಯಬೇಡ, ಅದು ಪುಕ್ಕಟೆ ಮಾತು. ಜೆರ್ಸಿ ಒಗೆದು, ಮಡಿಚಿ, ಕೈಯಲ್ಲಿ ಹಿಡ್ಕೊಂಡು ಹೋಗು. ಮುಖ ನೋಡಿ ಹೇಳು. ಅವರೂ ನಾಲ್ಕು ಮಾತು ಆಡ್ತಾರೆ. ಆಡಲಿ. ಆ ಮಾತಿಗೆ ಕಾಲು ಒಂದು ಗೇಣು ಹಿಂದಕ್ಕೆ ತಗೋ. ಆಮೇಲೆ "ಯಾಕೆ ಆಚೆ ಕರೆದ್ರಿ ಸಾರ್" ಅಂತ ಕೇಳು. ನಿಜವಾಗಿ ತಿಳ್ಕೊಳ್ಳೋಕೆ ಕೇಳು, ವಾದಕ್ಕಲ್ಲ. ಬರುವಾಗ ಆ ನಾಗಮಂಗಲದ ಹುಡುಗ ಹಾಸ್ಟೆಲಲ್ಲಿ ಇರ್ತಾನಲ್ಲ, ಅವನನ್ನೂ ಮಾತಾಡಿಸಿಕೊಂಡು ಬಾ. ಪಾಪ, ಅವನ ಕೈ ಇನ್ನೂ ನೋಯ್ತಿರಬೇಕು.

ನಾಳೆ ಬೆಳಿಗ್ಗೆ ಆರು ಗಂಟೆಗೆ ಬಯಲಿಗೆ ಬಾ. ಬೂಟು ಬೇಡ. ಚೆಂಡು ತಗೊಂಡು ಬಾ, ಗಾಳಿ ಸ್ವಲ್ಪ ಕಮ್ಮಿ ಇರಲಿ. ನಾನು ಕೈಯಲ್ಲೇ ಎಸೀತೀನಿ, ಈ ಮಂಡಿಯಲ್ಲಿ ಒದೆಯೋಕಾಗಲ್ಲ. ಐವತ್ತು ಸಲ ನಿಲ್ಲಿಸು, ಒಂದು ಸಲವೂ ಒದೆಯಬೇಡ. ಮತ್ತೆ ಇನ್ನೊಂದು ಮಾತು, ಬಯಲಲ್ಲಿ ನಾನು ನಾಲೆ ಕಡೆ ಬೆನ್ನು ಮಾಡಿ ನಿಂತ್ಕೊತೀನಿ, ನೀನು ಊರ ಕಡೆ ನಿಂತ್ಕೊ. ಯಾಕೆ ಅಂತ ಕೇಳಬೇಡ. ನಿಮ್ಮಜ್ಜಿ ಈಗ ಹಿತ್ತಲಿಂದ ಬಂದಳು, ನಗ್ತಿದ್ದಾಳೆ ನೋಡು.